ಗೊಂಬೆ ಇಟ್ಕೊಂಡಿದಾನಂತೆ

ಶನಿ ಕೂಡ ಏಳೂವರೆ ವರ್ಷ ಕಾಡಿ ಬಿಟ್ಟು ಹೋಗ್ತಾನಂತೆ. ನನ್ನನ್ನ ಹಿಡಿದಿರೋ ಶನಿ ಪ್ಲಾಸ್ಟಿಕ್ಕಿಂದು, ಅದು ಸವೆಯೋದೂ ಇಲ್ಲ, ಕರಗೋದೂ ಇಲ್ಲ. ಅದರ ದೆಸೆಯಿಂದ ಮರ್ಯಾದೆ ಹೋಗೋ ಪ್ರಸಂಗಗಳು ನನಗೆ ಒಂದರ ಹಿಂದೆ ಒಂದು ಬರ್ತಾನೇ ಇರ್ತವೆ.

ನಾನು ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಬಕೆಟ್ ಹಿಡಿ, ಸ್ವಿಚ್ ಬಾಕ್ಸು, ಬಾಟಲಿ ಮುಚ್ಚಳ, ದಿನವೆಲ್ಲ ಇವುಗಳ ಮುಖ ನೋಡೋದೇ ಕೆಲಸ. ಹುಚ್ಚು ಮಾತ್ರ ಬೇರೆ. ಇಂಗ್ಲಿಷ್ ಸಿನಿಮಾ ಬರಲಿ, ಜಪಾನಿನ ಕಾರ್ಟೂನ್ ಬರಲಿ, ಅದರ ಯೋಧರು, ರಾಕ್ಷಸರು, ರೋಬೋಗಳು ಗೊಂಬೆಯಾಗಿ ಅಂಗಡಿಗೆ ರಿಲೀಸ್ ಆದ ದಿನವೇ ನನ್ನ ಕೈಯಲ್ಲಿರಬೇಕು. ತಂದಮೇಲೆ ಡಬ್ಬಿ ಬಿಚ್ಚೋ ಹಾಗಿಲ್ಲ. ಡಬ್ಬಿ ಸಮೇತ ಶೋಕೇಸಿನಲ್ಲಿಟ್ಟು, ಎದುರಿಗೆ ಕುರ್ಚಿ ಹಾಕ್ಕೊಂಡು ನೋಡೋದು. ಅಷ್ಟೇ.

ಈ ಹುಚ್ಚಿನ ನಡುವೆನೇ ಅಮ್ಮ ನನಗೆ ಹೆಣ್ಣು ಹುಡುಕ್ತಾ ಇದ್ದಳು. ನನಗೂ ಮದುವೆ ಬೇಕಿತ್ತು ಕಣ್ರೀ. ಬೇಡ ಅಂತಿದ್ದೆ ಅಂದ್ರೆ ಬಾಯಲ್ಲಿ ಹುಳ ಬೀಳುತ್ತೆ. ಸಂಜೆ ಮನೆಗೆ ಬಂದು, 'ಇವತ್ತು ಯಾವುದು ರಿಲೀಸ್ ಆಯ್ತು ಗೊತ್ತಾ?' ಅಂತ ಬಾಯ್ತುಂಬ ಹೇಳ್ಕೊಳ್ಳೋಕೆ, ಕೇಳಿ ಕಣ್ಣರಳಿಸೋಕೆ ಒಬ್ಬರು ಬೇಕಿತ್ತು. ಆ ಒಬ್ಬರು ಯಾಕೆ ಸಿಗಲಿಲ್ಲ ಅನ್ನೋದೇ ಈ ಕತೆ. ನೀವು ನಗಬಹುದು. ನನಗೂ ಅರ್ಧ ನಗು ಬರುತ್ತೆ.

ಸ್ಯಾಂಪಲ್

ಮನೆಗೆ ಪಾರ್ಸಲ್ ಬಂದ್ರೆ ಅಮ್ಮನ ಮಂಗಳಾರತಿ ಆಗುತ್ತೆ ಅಂತ ಫ್ಯಾಕ್ಟರಿ ವಿಳಾಸ ಕೊಡ್ತಾ ಇದ್ದೆ. ಒಂದು ದಿನ ತುಂಬ ಕಾದಿದ್ದ ಗೊಂಬೆ ಬಂತು. ಹಲ್ಲಿ ಮುಖದ ಸೇನಾಪತಿ, ಬಾಲದ ಒಂದೊಂದು ಗಿಣ್ಣೂ ತಿರುಗೋದು. ಪಾರ್ಸಲ್ಲಿನ ಮೇಲಿನ ಹೊದಿಕೆ ಮಾತ್ರ ತೆಗೆದು, ಗೊಂಬೆ ಡಬ್ಬಿನ ಟೇಬಲ್ ಮೇಲಿಟ್ಟು, ಓನರ್ ಕರೀತಿದಾರೆ ಅಂತ ಹೋದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾವುದಾದ್ರೂ ಪಾರ್ಟಿ ಹೊಸ ಐಟಂ ಮಾಡಿಕೊಡಿ ಅಂತ ಸ್ಯಾಂಪಲ್ ಕಳಿಸಿದ್ರೆ, ಮೊದಲು ಅದನ್ನ ಅಡ್ಡಡ್ಡ ಕೊಯ್ದು ಒಳಗಿನ ದಪ್ಪ ಅಳೀತೀವಿ. ಆಮೇಲೆ ಒಂದು ಚೂರು ಸುಟ್ಟು ಮೂಸಿ ನೋಡ್ತೀವಿ. ವಾಸನೆ ಮೇಲೆ ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತೆ.

ನಾನು ವಾಪಸ್ ಬರೋ ಹೊತ್ತಿಗೆ ಸೇನಾಪತಿ ಎರಡು ಭಾಗ ಆಗಿದ್ದ. ನಮ್ಮ ಮೆಷಿನ್ ಆಪರೇಟರ್, ಬಾಗಲಕೋಟೆ ಕಡೆಯವನು, ಲೈಟರ್ ಹಚ್ಚಿ ಅವನ ಬಾಲ ಸುಡ್ತಾ ಇದ್ದ.

"ಅಯ್ಯಯ್ಯೋ, ಏನಯ್ಯಾ ಮಾಡಿಬಿಟ್ಟೆ!"

"ಯಾಕ್ರೀ ಸರ? ನೀವ ಹೇಳಿದ್ರಲ್ರಿ, ನನ್ನ ಟೇಬಲ್ ಮ್ಯಾಲೆ ಏನ ಬರ್ಲಿ, ಮೊದ್ಲ ಕೊಯ್ದು ನೋಡು ಅಂತ."

ಹೇಳಿದ್ದು ನಿಜ. ಅವನು ಹೊಗೆ ಮೂಸಿ, ನನ್ನ ಮುಖ ನೋಡಿ, ಸಮಾಧಾನ ಮಾಡೋ ಹಾಗೆ ಅಂದ: "ಮಾಲು ಛಲೋ ಐತ್ರಿ ಸರ. ಚಿಂತಿ ಮಾಡಬ್ಯಾಡ್ರಿ."

ಅಷ್ಟರಲ್ಲಿ ಓನರ್ ಬಂದ್ರು. ಅರ್ಧ ಮುಖ ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು. "ಭಾರಿ ಫಿನಿಶಿಂಗ್ ಕಣ್ರೀ. ಯಾವ ಪಾರ್ಟಿ? ಆರ್ಡರ್ ಎಷ್ಟು ಪೀಸು?"

"ಒಂದೇ ಪೀಸ್ ಸಾರ್," ಅಂದೆ. "ಅದನ್ನೂ ಈಗ ಡೆಲಿವರಿ ಮಾಡಿ ಆಯ್ತು."

ಆಯುಧ ಪೂಜೆ

ನಾವು ಬಾಡಿಗೆಗಿದ್ದದ್ದು ನಾಗಸಂದ್ರದಲ್ಲಿ, ಹಳೇ ಊರಿನೋರ ಮನೆಯಲ್ಲಿ. ಮನೆ ಓನರ್ ಅಜ್ಜಿ ಮೇಲುಗಡೆ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ರೂ ಕೆಳಗಿನ ಜಗಲಿ ಬಿಟ್ಟುಕೊಟ್ಟಿರಲಿಲ್ಲ. ಅಲ್ಲೇ ಕೂತು ಎಲೆ ಅಡಿಕೆ ಹಾಕ್ತಾ, ಬೀದಿಯಲ್ಲಿ ಹೋಗೋ ಬರೋರನ್ನೆಲ್ಲ ವಿಚಾರಿಸ್ತಾ ಇರ್ತಿತ್ತು. ನನ್ನ ಕಂಡ್ರೆ ಅದಕ್ಕೆ ಪ್ರೀತಿ. "ಅಲ್ಲ ಕಣ್ಲಾ ಮಗ, ತಂದ ಮ್ಯಾಕೆ ಬಿಚ್ಚಬಾರ್ದಾ? ಉಸ್ರು ಕಟ್ಟಕಿಲ್ವಾ ಅವುಕ್ಕೆ?" ಅಂತ ಕೇಳ್ತಿತ್ತು.

"ಬಿಚ್ಚಿದ್ರೆ ಬೆಲೆ ಹೋಗುತ್ತೆ ಅಜ್ಜಿ."

"ಬಿಚ್ಚದೆ ಓದ್ರೆ ನೀನೇ ಓಯ್ತೀಯ ಕಣ್ಲಾ."

ಆಯುಧ ಪೂಜೆ ದಿನ ಫ್ಯಾಕ್ಟರಿಯಲ್ಲಿ ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ ಮನೆಗೆ ಬಂದೆ. ಅಮ್ಮ ಬೀಗದ ಕೈ ಅಜ್ಜಿ ಹತ್ರ ಕೊಟ್ಟು ದೇವಸ್ಥಾನಕ್ಕೆ ಹೋಗಿದ್ದಳು. ಬಾಗಿಲು ತೆಗೆದರೆ ಊದುಬತ್ತಿ ಹೊಗೆ. ಶೋಕೇಸಿನ ಒಂದೊಂದು ಡಬ್ಬಿಗೂ ಮೂರು ಬೆರಳು ವಿಭೂತಿ, ನಡುವೆ ದುಂಡಗೆ ಕುಂಕುಮ. ಹೊಸದಾಗಿ ಬಂದಿದ್ದ ಬಾಹ್ಯಾಕಾಶದ ರಾಜನ ಡಬ್ಬಿಗೆ ತೂತು ಹೊಡೆದು ಊದುಬತ್ತಿ ಸಿಕ್ಕಿಸಿತ್ತು. ಅದು ಉರಿದು ಉರಿದು ಅವನ ಕಿರೀಟದ ತುದಿ ಬಾಗಿತ್ತು.

ಕೂಗಾಡಿದೆ. ಅಜ್ಜಿ ಜಗಲಿಯಿಂದಲೇ ಅಂತು: "ಯಾಕ್ಲಾ ಅಂಗೆ ಬಡ್ಕಂತೀಯ? ವರ್ಸವೆಲ್ಲ ಪೂಜೆ ಮಾಡ್ದೋನಂಗೆ ಮುಂದೆ ಕುಂತಿರ್ತೀಯಲ್ಲ. ಅಬ್ಬದ ದಿನ ಒಂದು ಕುಂಕ್ಮ ಇಕ್ಕಕ್ಕೆ ಆಗ್ನಿಲ್ವಾ ನಿಂಗೆ?"

ಅಜ್ಜಿ ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಅಂತ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಮಗು ಎಲ್ಲಿ?

ಹೊಸ ಗೊಂಬೆ ಮೊದಲು ಬರ್ತಿದ್ದದ್ದು ವೈಟ್‌ಫೀಲ್ಡಿನ ಮಾಲಿಗೆ. ನಾಗಸಂದ್ರದಿಂದ ವೈಟ್‌ಫೀಲ್ಡಿಗೆ ಹೋಗಿ ಬರೋದು ಅಂದ್ರೆ ಕಾಶಿ ಯಾತ್ರೆ. ಆದರೂ ರಿಲೀಸ್ ದಿನ ರಜಾ ಹಾಕಿ ಹೋಗ್ತಿದ್ದೆ. ಒಂದ್ಸಲ ಕೌಂಟರಿನ ಹುಡುಗಿ ಕೇಳಿದ್ಲು: "ಮಗೂಗೆ ಎಷ್ಟು ವರ್ಷ ಸಾರ್?"

"ನನಗೇ ತಗೋತಿರೋದು. ಡಬ್ಬಿ ಮೇಲೆ 'ಮೂರು ವರ್ಷ ಮೇಲ್ಪಟ್ಟವರಿಗೆ' ಅಂತಿದೆ. ನನಗೆ ಮೂರು ಆಗಿ ತುಂಬ ದಿನ ಆಯ್ತಮ್ಮ."

ಅವಳು ನಕ್ಕು, ಇವತ್ತು ಇದರ ಜೊತೆ ಫ್ರೀ ಅಂತ ಒಂದು ದೊಡ್ಡ ಬಲೂನ್ ಕೈಗೆ ಕಟ್ಟಿ ಕಳಿಸಿದ್ಲು.

ಬಸ್ ಹತ್ತಿದೆ. ಒಂದು ಕೈಯಲ್ಲಿ ಗೊಂಬೆ ಡಬ್ಬಿ, ಇನ್ನೊಂದರಲ್ಲಿ ಬಲೂನ್. ಕಂಡಕ್ಟರ್ ಬಂದ್ರು, ಟಿಕೆಟ್ ಕೊಟ್ರು, ನನ್ನ ಅಕ್ಕಪಕ್ಕ ಬಗ್ಗಿ ನೋಡಿದ್ರು.

"ಮಗು ಎಲ್ಲಿ ಸಾರ್?"

ನಾನು ಏನೋ ಯೋಚನೆಯಲ್ಲಿದ್ದೆ. "ಯಾವ ಮಗು?" ಅಂದುಬಿಟ್ಟೆ.

ಮುಂದಿನ ಸೀಟಿನ ಹೆಂಗಸು ಕೈ ಬಾಯಿಗಿಟ್ಕೊಂಡ್ರು. "ಅಯ್ಯೋ ದೇವ್ರೇ, ಯಾವ ಮಗು ಅಂತಾರಲ್ರೀ! ಮಾಲಲ್ಲೇ ಬಿಟ್ಟು ಹತ್ತಿದಾರೆ! ಡ್ರೈವರಣ್ಣ, ನಿಲ್ಸಿ, ನಿಲ್ಸಿ!"

ಮಾರತ್ತಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಿನ ನಟ್ಟನಡುವೆ ಬಸ್ ನಿಂತೇಬಿಡ್ತು. ಹಿಂದಿನ ಗಾಡಿಗಳೆಲ್ಲ ಕುಯ್ಯೋ ಅಂತ ಹಾರ್ನ್ ಹಾಕ್ತಿದ್ದವು. ಒಬ್ಬರು ಪೊಲೀಸರಿಗೆ ಫೋನ್ ಮಾಡೋಣ ಅಂದ್ರು. ಇನ್ನೊಬ್ಬರು, "ಮಗು ಯಾವ ಬಣ್ಣದ ಶರ್ಟ್ ಹಾಕಿತ್ತು, ನೆನಪು ಮಾಡ್ಕೊಳ್ಳಿ," ಅಂತ ನನ್ನ ಭುಜ ಅಲುಗಾಡಿಸಿದ್ರು. ನಾನು ಎದ್ದು ನಿಂತು ಕೂಗಿದೆ: "ಸ್ವಾಮಿ, ನನಗೆ ಮಕ್ಕಳೇ ಇಲ್ಲ! ಈ ಗೊಂಬೆ ನಂದು! ಬಲೂನೂ ನಂದೇ!"

ಯಾರೂ ನನ್ನ ಮುಖ ನೋಡಲಿಲ್ಲ. ಬಸ್ ಹೊರಟ ಮೇಲೆ ಒಬ್ಬರು ವಯಸ್ಸಾದ ತಾಯಿ ಮೆಲ್ಲಗೆ ಎದ್ದು ಬಂದು ನನ್ನ ತಲೆ ಮೇಲೆ ಕೈ ಇಟ್ರು. "ಕೊರಗಬೇಡಪ್ಪ. ಮಕ್ಕಳಿಲ್ಲದ ಸಂಕಟ ನನಗೂ ಗೊತ್ತು. ವರ್ಷ ತುಂಬೋದ್ರೊಳಗೆ ನಿನ್ನ ಮನೇಲಿ ತೊಟ್ಟಿಲು ತೂಗ್ಲಿ."

ಇಡೀ ಬಸ್ಸು ಲೊಚಗುಟ್ಟಿತು. ನಾನು ಹೂಂ ಅಂದೆ. ಕಂಡಕ್ಟರ್ ಮಾತ್ರ ಕೆಲಸದ ಮನುಷ್ಯ. "ಬಲೂನ್ ಸ್ವಲ್ಪ ಕೆಳಗೆ ಹಿಡ್ಕೊಳ್ಳಿ ಸಾರ್," ಅಂದ್ರು. "ಡ್ರೈವರ್‌ಗೆ ಹಿಂದೆ ಏನೂ ಕಾಣ್ತಿಲ್ಲ."

ಇಟ್ಕೊಂಡಿದಾನೆ

ಮದುವೆ ಬ್ರೋಕರ್ ಬಗ್ಗೆ ಒಂದು ಮಾತು ಹೇಳ್ಬೇಕು. ಆ ಮನುಷ್ಯನ ಬಾಯಲ್ಲಿ ಸುಳ್ಳು ಬಿಟ್ಟು ಬೇರೆ ಬೆಳೆ ಬೆಳೀತಿರಲಿಲ್ಲ. ನನ್ನನ್ನ ಫ್ಯಾಕ್ಟರಿ ಪಾಲುದಾರ ಅಂತಿದ್ದ, ಬಾಡಿಗೆ ಮನೆನ ಸ್ವಂತದ್ದು ಅಂತಿದ್ದ. ಅಮ್ಮ ಆಕ್ಷೇಪಿಸಿದ್ರೆ, "ನೀವು ಸುಮ್ನಿರಿ ಅಮ್ಮ, ಎಲ್ಲಾ ನಾನು ನೋಡ್ಕೋತೀನಿ," ಅಂತಿದ್ದ.

ಬೇಗೂರು ಕಡೆಯ ಒಂದು ಸಂಬಂಧ ತಂದ. ಜಾತಕ ಕೂಡಿತು, ಫೋಟೋ ಒಪ್ಪಿಗೆ ಆಯ್ತು. ಅಮ್ಮ ಆಗಲೇ ಛತ್ರದ ಲೆಕ್ಕಾಚಾರದಲ್ಲಿದ್ದಳು. ಉಳಿದದ್ದು ಒಂದೇ, ನಮ್ಮ ಬೀದಿಯಲ್ಲಿ ಹುಡುಗನ ಗುಣ ವಿಚಾರಿಸೋದು. ಹುಡುಗಿಯ ಸೋದರಮಾವ ಬಂದರು. ಬೀದಿಯಲ್ಲಿ ಇಷ್ಟು ಮನೆ ಇದ್ದರೂ ಆ ಪುಣ್ಯಾತ್ಮ ನೇರ ಹೋಗಿ ಕೂತದ್ದು ಅಜ್ಜಿ ಜಗಲಿ ಮೇಲೆ. ಅಲ್ಲಿ ನಡೆದ ಮಾತನ್ನ ಅಜ್ಜಿನೇ ಆಮೇಲೆ ನಮಗೆ ಒಪ್ಪಿಸಿತು, ಹೆಮ್ಮೆಯಿಂದ.

"ಚಿನ್ನದಂತಾ ಉಡ್ಗ ಕಣಪ್ಪ," ಅಂದಿದೆ ಅಜ್ಜಿ. "ಕುಡಿಯಕಿಲ್ಲ, ಬೀಡಿ ಸೇದಕಿಲ್ಲ. ಒಂದೇ ಒಂದು ಚಟ. ಗೊಂಬೆ ಇಟ್ಕಂಡವ್ನೆ."

ಸೋದರಮಾವನ ಕಿವಿ ನೆಟ್ಟಗಾಗಿದೆ. "ಇಟ್ಕೊಂಡಿದಾನಾ? ಗೊಂಬೆ ಅಂದ್ರೆ... ಯಾರು?"

"ಯಾರು ಅಂತ ಏಳ್ಲಪ್ಪ? ಒಂದಾ, ಎಲ್ಡಾ? ಮನೆ ತುಂಬಾ ಇಟ್ಕಂಡವ್ನೆ. ಆಗಾಗ ಒಸದೊಂದು ತತ್ತಾನೆ. ಎಲ್ಲಾ ಪಾರಿನ್ನೋವು."

"ಫಾರಿನ್ನು!"

"ಊಂ ಮತ್ತೆ. ನೋಡಕ್ಕೆ ಮಾತ್ರ ಚೆಂದಾಗಿರ್ತವೆ."

"ಇದು ಹುಡುಗನ ತಾಯಿಗೆ ಗೊತ್ತಾ?"

"ಗೊತ್ತಾ ಅಂದ್ರೆ? ದಿನಾ ಬೆಳಗೆದ್ದು ಅವುನ್ನ ಒರೆಸಿಕ್ಕೋಳೇ ಅವ್ಳು. ಪಾಪ, ಸೊಂಟ ಬಿದ್ದೋಗದೆ."

ಆ ಮನುಷ್ಯ ಕೊನೇ ಆಸೆಯಿಂದ ಕೇಳಿದಾರೆ: "ಮದುವೆ ಆದಮೇಲಾದ್ರೂ ಬಿಡ್ತಾನಾ ಅಜ್ಜಿ?"

"ಎಲ್ಲಿ ಬಿಟ್ಟಾನು? ಉಡ್ಗಿ ಬಂದ್ರೆ ಅವ್ಳೂ ಒಂದು ಕುರ್ಚಿ ಆಕ್ಕೊಂಡು ಜತೇಲಿ ನೋಡ್ಬೇಕು, ಅಷ್ಟೇಯ."

ಸೋದರಮಾವ ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೋದರಂತೆ. ಸಂಜೆ ಬ್ರೋಕರ್ ಫೋನ್ ಮಾಡಿ, "ಏನ್ ಸಾರ್, ನನಗೂ ಒಂದು ಮಾತು ಹೇಳ್ಬಾರ್ದಾ? ಎಷ್ಟು ಜನ ಇದಾರೆ?" ಅಂತ ಕೇಳ್ದ. ಅರ್ಥ ಮಾಡಿಸೋಕೆ ಸಾಕುಬೇಕಾಯ್ತು. ಬೇಗೂರಿನವರಿಗೆ ಅರ್ಥ ಮಾಡಿಸೋಕೆ ಆಗಲೇ ಇಲ್ಲ, ಅವರು ಫೋನೇ ಎತ್ತಲಿಲ್ಲ.

ಅಮ್ಮ ಅತ್ತಳು. "ನಿನ್ನ ಗೊಂಬೆಗಳು ನನ್ನ ಸೊಸೇನ ನುಂಗಿಬಿಟ್ವಲ್ಲೋ," ಅಂದಳು. ಅಜ್ಜಿ ಬಂದು ಅಮ್ಮನ ಪಕ್ಕ ಕೂತು ತಾನೂ ಕಣ್ಣೊರೆಸಿಕೊಳ್ತು. "ಬುಡವ್ವ, ಅವ್ರು ಓದ್ರೆ ಓಗ್ಲಿ. ನಾನಂತೂ ಒಂದು ಮಾತೂ ಸುಳ್ಳೇಳ್ಲಿಲ್ಲ."

ಯಾವ ಹವ್ಯಾಸನೂ ಇಲ್ಲ

ಮುಂದಿನ ಸಂಬಂಧ ಬಂದಾಗ ಅಮ್ಮ ಹುಷಾರಾಗಿದ್ದಳು. ಹುಡುಗಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. "ಯಾವ ಹುಚ್ಚೂ ಇಲ್ಲದ ಹುಡುಗಿ, ನೂರಕ್ಕೆ ನೂರು," ಅಂದಿದ್ದ ಬ್ರೋಕರ್. ಅಪರೂಪಕ್ಕೆ ಹುಡುಗಿನೇ ಹುಡುಗನ ಮನೆ ನೋಡಬೇಕು ಅಂತ ಕೇಳಿದಾಳೆ, ಭಾನುವಾರ ಅಪ್ಪನ ಜೊತೆ ಬರ್ತಾಳೆ ಅಂದ.

ಭಾನುವಾರ ಕಟಿಂಗ್ ಮಾಡಿಸ್ಕೊಂಡು, ಬಾಳೆಹಣ್ಣು ತಗೊಂಡು ಮನೆಗೆ ಬಂದೆ. ಶೋಕೇಸ್ ಕಡೆ ನೋಡಿದೆ. ಒಂದು ಗೊಂಬೆನೂ ಇಲ್ಲ. ಅವುಗಳ ಜಾಗದಲ್ಲಿ ಸ್ಟೀಲ್ ಪಾತ್ರೆ. ದೊಡ್ಡ ಡಬರಿ, ಚಿಕ್ಕ ಡಬರಿ, ಇಡ್ಲಿ ತಟ್ಟೆ, ನಡುವೆ ನಮ್ಮ ತಾತನ ಫೋಟೋ. "ಎಲ್ಲಮ್ಮಾ?" ಅಂದೆ. "ಬಾಯಿ ಮುಚ್ಚು, ಕೊಟ್ಟಿಗೇಲಿವೆ," ಅಂದಳು. ಅಜ್ಜಿಗೆ ಹಸು ಇದ್ದ ಕಾಲದ ಹಳೇ ಕೊಟ್ಟಿಗೆ ಅದು. ಓಡಿ ಹೋಗಿ ನೋಡೋಣ ಅಂದ್ರೆ ಅಷ್ಟರಲ್ಲಿ ಬಾಗಿಲಿಗೆ ಹುಡುಗಿ ಕಡೆಯವರು ಬಂದಾಗಿತ್ತು.

ಹುಡುಗಿ ಒಳಗೆ ಬಂದವಳು ನನ್ನನ್ನ ನೋಡಲಿಲ್ಲ, ಶೋಕೇಸ್ ನೋಡಿದಳು. ಹತ್ತಿರ ಹೋಗಿ ಇನ್ನೊಂದು ಸಲ ನೋಡಿದಳು.

"ಇಲ್ಲಿ ಮೊದಲಿಂದಾನೂ ಪಾತ್ರೆನೇ ಇಡ್ತೀರಾ ಆಂಟಿ?"

"ಹೂಂ ಕಣಮ್ಮ, ನಾನು ಮದುವೆ ಆಗಿ ಬಂದಾಗಿಂದ."

ನನ್ನ ಕಡೆ ತಿರುಗಿದಳು. "ನಿಮ್ಮ ಹವ್ಯಾಸ ಏನು?"

ನಾನು ಬಾಯಿ ತೆಗೆಯೋ ಮುಂಚೆ ಅಮ್ಮ ಅಡ್ಡ ಬಂದಳು. "ಅವನಿಗೆ ಯಾವ ಹವ್ಯಾಸನೂ ಇಲ್ಲಮ್ಮ. ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ."

ಹುಡುಗಿ ಮುಖ ಬಾಡಿಹೋಯ್ತು. ಉಪ್ಪಿಟ್ಟು ಮುಟ್ಟಲಿಲ್ಲ, ನೀರು ಕುಡಿದು ಎದ್ದಳು. ಎರಡು ದಿನ ಬಿಟ್ಟು, ಹುಡುಗಿಗೆ ಯಾಕೋ ಮನಸ್ಸಿಲ್ಲ ಅಂತ ಹೇಳಿ ಕಳಿಸಿದರು. ನನಗೆ ಅವಳು ಇಷ್ಟ ಆಗಿದ್ದಳು. ಯಾಕೆ ಅಂತ ಕೇಳಬೇಡಿ. ನಮ್ಮ ಮನೆಗೆ ಬಂದು ಆ ಶೋಕೇಸನ್ನ ಅಷ್ಟು ಹೊತ್ತು ನೋಡಿದೋರು ಇನ್ಯಾರೂ ಇರಲಿಲ್ಲ.

ಕೊಟ್ಟಿಗೆಗೆ ಹೋಗಿ ಗೋಣಿಚೀಲ ಬಿಚ್ಚಿದೆ. ಡಬ್ಬಿ ಬಿಚ್ಚಬಾರದು ಅನ್ನೋ ನಿಯಮ ಅಲ್ಲಿನ ಇಲಿಗಳಿಗೆ ಯಾರೂ ಹೇಳಿರಲಿಲ್ಲ.

ಒಂದು ಫ್ಯಾಮಿಲಿಗೆ ಒಂದೇ ಪೀಸ್

ಅದಾಗಿ ಒಂದೆರಡು ವರ್ಷ ಕಳೆದಿರಬೇಕು. ಮತ್ತೆ ವೈಟ್‌ಫೀಲ್ಡ್, ಮತ್ತೆ ರಿಲೀಸ್. ಮಾಲು ಕಮ್ಮಿ ಬಂದಿದೆ ಅಂತ ಅಂಗಡಿಯವರು ಬೋರ್ಡ್ ಹಾಕಿದ್ರು: ಒಂದು ಫ್ಯಾಮಿಲಿಗೆ ಒಂದೇ ಪೀಸ್. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಹಿಂದೆ ತಿರುಗಿದ್ರು. ಅದೇ ಹುಡುಗಿ. ಕುತ್ತಿಗೇಲಿ ತಾಳಿ ಇತ್ತು. ನೋಡದೋನ ಹಾಗೆ ನೋಡಿದೆ.

"ನೀವು ನಾಗಸಂದ್ರದೋರಲ್ವಾ?"

"ಹೌದು. ನೀವು ನಮ್ಮ ಮನೆ ಉಪ್ಪಿಟ್ಟು ತಿನ್ನದೆ ಹೋದೋರು."

ನಕ್ಕರು. "ಇಲ್ಲಿ ಯಾರಿಗೆ ತಗೊಳ್ಳೋಕೆ ಬಂದ್ರಿ?"

"ನನಗೇ. ಚಿಕ್ಕಂದಿನಿಂದ ಇದೇ ಹುಚ್ಚು."

ನಗು ಹೋಯ್ತು. "ಸುಳ್ಳು. ನಿಮ್ಮ ಶೋಕೇಸ್ ನಾನೇ ಕಣ್ಣಾರೆ ನೋಡಿದೀನಿ. ಬರೀ ಡಬರಿ ಇತ್ತು."

"ನೀವು ಬರ್ತೀರ ಅಂತ ಅಮ್ಮ ಗೊಂಬೆನೆಲ್ಲ ಕೊಟ್ಟಿಗೇಲಿ ಬಚ್ಚಿಟ್ಟಿದ್ಲು."

ಅವರು ಮೆಲ್ಲಗೆ ಹೇಳಿದ್ರು: "ನನ್ನ ರೂಮ್ ತುಂಬಾ ಇವೇ ಇದ್ವು. ನೋಡೋಕೆ ಬಂದ ಹುಡುಗರೆಲ್ಲ ನಕ್ಕು ಹೋಗ್ತಿದ್ರು. ಅದಕ್ಕೆ ಬ್ರೋಕರ್ ಅಂಕಲ್‌ಗೆ ಹೇಳಿದ್ದೆ, ನಗದೆ ಇರೋನು ಒಬ್ಬ ಸಿಕ್ಕಿದ್ರೆ ಸಾಕು ಅಂತ. 'ಇದಾನಮ್ಮ ಒಬ್ಬ, ನಿನಗಿಂತ ಹುಚ್ಚ, ಮನೆ ತುಂಬ ಇಟ್ಕೊಂಡಿದಾನೆ' ಅಂದ್ರು. ಆಸೆ ಇಟ್ಕೊಂಡು ಬಂದ್ರೆ ಇಡ್ಲಿ ತಟ್ಟೆ. ಆ ಅಂಕಲ್ ಹೇಳಿದ ಯಾವ ಮಾತು ನಿಜ ಆಗಿತ್ತು, ಇದೂ ಸುಳ್ಳು ಅಂದ್ಕೊಂಡೆ."

ಆ ಬ್ರೋಕರ್ ಹುಟ್ಟಿದಾಗಿನಿಂದ ಹೇಳಿದ ಒಂದೇ ಒಂದು ನಿಜ ಅದು. ಅದನ್ನ ನಮ್ಮಮ್ಮ ಗೋಣಿಚೀಲದಲ್ಲಿ ಕಟ್ಟಿಹಾಕಿದ್ದಳು.

ಆಮೇಲೆ ಮಾತಾಡಿದ್ವಿ. ಯಾವ ಗೊಂಬೆಗೆ ಬಣ್ಣ ಸರಿಯಾಗಿ ಕೂತಿಲ್ಲ, ಯಾವುದರ ಮೊಣಕಾಲು ಸಡಿಲ, ಯಾವುದನ್ನ ಕಾದು ಕಾದು ತಪ್ಪಿಸ್ಕೊಂಡ್ವಿ. ಸೇನಾಪತಿಯ ಬಾಲ ಸುಟ್ಟದ್ದು ಹೇಳಿದೆ, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಯಾವತ್ತೂ ಸಾಲು ಕರಗಲಿ ಅಂತ ಬೇಡ್ಕೊಳ್ಳೋನು ನಾನು. ಅವತ್ತು ಇನ್ನೊಂದಿಷ್ಟು ಜನ ಮುಂದೆ ಇರಬಾರದಿತ್ತಾ ಅನ್ನಿಸ್ತು.

ಕೌಂಟರ್ ಬಂತು. ಅಲ್ಲಿದ್ದವನು ಒಂದೇ ಡಬ್ಬಿ ಮುಂದಿಟ್ಟ.

"ಇವರಿಗೊಂದು, ನನಗೊಂದು," ಅಂದೆ.

"ಒಂದು ಫ್ಯಾಮಿಲಿಗೆ ಒಂದೇ ಸಾರ್. ಗಂಡನಿಗೊಂದು ಹೆಂಡತಿಗೊಂದು ಕೊಡೋ ಹಾಗಿಲ್ಲ."

"ಇವರು ನನ್ನ ಹೆಂಡತಿ ಅಲ್ಲ ಕಣ್ರೀ!"

"ಬೆಳಗ್ಗೆಯಿಂದ ಎಲ್ಲರೂ ಇದನ್ನೇ ಹೇಳ್ತಿದಾರೆ ಸಾರ್. ಆವಾಗಿಂದ ನೋಡ್ತಿದೀನಿ, ಎಷ್ಟು ಚೆನ್ನಾಗಿ ನಗ್ತಾ ಬಂದ್ರಿ ಇಬ್ರೂ."

ಅವರು ಅಂದ್ರು, "ನನ್ನ ಯಜಮಾನ್ರು ಕೆಳಗೆ ಪಾರ್ಕಿಂಗಲ್ಲಿದಾರೆ."

"ಕರೀರಿ ಮೇಡಂ."

"ಅಯ್ಯೋ ಬೇಡಪ್ಪ. ಚಪ್ಪಲಿ ತಗೊಂಡ್ ಬರ್ತೀನಿ ಅಂತ ಹೇಳಿ ಬಂದಿದೀನಿ."

ಕೌಂಟರಿನವನು ಸಾಲಿನಲ್ಲಿದ್ದೋರ ಕಡೆ ನೋಡಿ ಕಣ್ಣು ಮಿಟುಕಿಸ್ದ. ನ್ಯಾಯ ಕೇಳೋಕೆ ಬಂದಿರೋ ಹಾಗೆ ಎಲ್ಲರೂ ಮುಂದೆ ಬಾಗಿದ್ರು. ನನಗೆ ರೇಗಿಹೋಯ್ತು. ಅಮ್ಮನಿಗೆ ಫೋನ್ ಹಚ್ಚಿ ಅವನ ಕೈಗಿಟ್ಟೆ. "ತಗೋಪ್ಪ, ನಮ್ಮ ತಾಯಿ. ನನಗೆ ಮದುವೆ ಆಗಿದ್ಯಾ ಅಂತ ನೀನೇ ಕೇಳು."

ಅವನು ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕ್ದ. "ಮೇಡಂ, ನಿಮ್ಮ ಮಗನಿಗೆ ಮದುವೆ ಆಗಿದ್ಯಾ?"

"ಇಲ್ಲಪ್ಪ, ಇಲ್ಲ!" ಅಮ್ಮನ ಧ್ವನಿ ಅಂಗಡಿ ತುಂಬಿತು. "ಇನ್ನೂ ಆಗಿಲ್ಲ! ಯಾರಪ್ಪ ನೀವು, ಹುಡುಗಿ ಕಡೆಯೋರಾ?"

ಇಡೀ ಸಾಲು ಗೊಳ್ ಅಂತ ನಗ್ತು. ನನ್ನ ಪಕ್ಕ ನಿಂತಿದ್ದ ಅವರು ಮಾತ್ರ ನಗಲಿಲ್ಲ. ಕೌಂಟರಿನವನು ಎರಡನೇ ಡಬ್ಬಿ ತಂದು ಮೊದಲನೆಯದರ ಪಕ್ಕ ಇಟ್ಟ. ನಾನು ಫೋನ್ ಕಿತ್ಕೊಳ್ಳೋಕೆ ಕೈ ಚಾಚಿದೆ. ಅಮ್ಮ ಇನ್ನೂ ಕೇಳ್ತಾನೇ ಇದ್ದಳು.

"ಹಲೋ? ಹುಡುಗಿ ಅಲ್ಲೇ ಪಕ್ಕದಲ್ಲಿದಾಳಾ? ಒಂದ್ ನಿಮಿಷ ಅವಳ ಕೈಗೆ ಕೊಡಪ್ಪ."